ಶಿವಮೊಗ್ಗದ ಆವಿಗೆಯಲ್ಲಿ ಮೆಕ್ಸಿಕೋದ ಗೋರಿಗೊಂಬೆಗಳು: ನಾಯಿ ಕೊಳ್ಳಿ, ಕಲಶ ಬಿಡಿ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಕರಕುಶಲ ಮಳಿಗೆಯೊಂದರಲ್ಲಿ ಈಗ ಐದು ಮಣ್ಣಿನ ಗೊಂಬೆಗಳ ಸೆಟ್ ಮಾರಾಟಕ್ಕಿದೆ. ಕೊಲಿಮಾದ ಕೆಂಪು ನಾಯಿಗೆ 1,850 ರೂಪಾಯಿ, ನಯಾರಿತ್‌ನ ಗಂಡ-ಹೆಂಡಿರ ಜೋಡಿಗೆ 2,600, ಹೈನಾ ದ್ವೀಪದ ಮಾಯಾ ಜನಾಂಗದ ಹೆಂಗಸಿಗೆ 950, ಓಹಾಕಾದ ಝಪೊಟೆಕ್ ಜನರ ಕಲಶಕ್ಕೆ 3,200. ಎಲ್ಲ ಒಟ್ಟಿಗೆ ಒಯ್ದರೆ 7,900. ಮೆಕ್ಸಿಕೋದಲ್ಲಿ ಸಾವಿರ, ಎರಡು ಸಾವಿರ ವರ್ಷಗಳ ಹಿಂದೆ ಸತ್ತವರ ಜೊತೆ ಇಡುತ್ತಿದ್ದ ಗೊಂಬೆಗಳ ಪ್ರತಿಕೃತಿಗಳಿವು. ಮಣ್ಣು ಇಲ್ಲಿನದು, ಸುಟ್ಟದ್ದೂ ಇಲ್ಲಿನ ಆವಿಗೆಯಲ್ಲೇ. ನಾಯಿ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಹೆಚ್ಚೇ ಸಿಗುತ್ತದೆ. ಜೋಡಿ ಚೆನ್ನಾಗಿದೆ, ಒಂದು ತಕರಾರು ಬಿಟ್ಟರೆ. ಮಾಯಾ ಹೆಂಗಸು ಪರವಾಗಿಲ್ಲ. ಕಲಶಕ್ಕೆ ಮೂರು ಸಾವಿರ ಸುರಿಯುವುದು ಬೇಡ, ಸೆಟ್ ತಗೊಂಡರೆ ಏಳುನೂರು ಉಳಿಯುತ್ತದೆ ಎಂಬ ಆಸೆಗೂ ಬೇಡ.

ಮೂಲ ನಾಯಿಗಳು ಸಿಕ್ಕಿದ್ದು ಪಶ್ಚಿಮ ಮೆಕ್ಸಿಕೋದ ಬಾವಿಗೋರಿಗಳಲ್ಲಿ. ಕೊಲಿಮಾ, ಹಲಿಸ್ಕೊ, ನಯಾರಿತ್ ಈ ಮೂರು ಸೀಮೆಗಳಲ್ಲಿ ಹೆಚ್ಚುಕಡಿಮೆ ಕ್ರಿ.ಪೂ. 300ರಿಂದ ಕ್ರಿ.ಶ. 400ರವರೆಗೆ ನಡೆದ ಪದ್ಧತಿ. ಅಗ್ನಿಪರ್ವತದ ಬೂದಿ ಹೆಪ್ಪುಗಟ್ಟಿ ಆದ ಮೆದುಕಲ್ಲಿನಲ್ಲಿ ನೇರ ಕೆಳಕ್ಕೆ ತೋಡಿ, ತಳದಲ್ಲಿ ಪಕ್ಕಕ್ಕೆ ಒಂದೋ ಎರಡೋ ಕೋಣೆ ಕೊರೆದು, ಸತ್ತವರನ್ನು ಮಲಗಿಸಿ, ಸುತ್ತ ಗೊಂಬೆ, ಮಡಕೆ, ಶಂಖ ಇಡುತ್ತಿದ್ದರು. ಬಾವಿ ಮೂರು ಮೀಟರಿಗೆ ಮುಗಿದದ್ದೂ ಇದೆ, ಹದಿನೈದು ಮೀಟರ್ ದಾಟಿದ್ದೂ ಇದೆ. ಜಂಬಿಟ್ಟಿಗೆ ನೆಲದಲ್ಲಿ ಬಾವಿ ತೆಗೆಸಿದವರಿಗೆ ಇದರ ಶ್ರಮವನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಕೈಯಲ್ಲಿ ಕಬ್ಬಿಣದ ಹಾರೆಯೂ ಇರಲಿಲ್ಲ.

ಮಳಿಗೆಯ ನಾಯಿ ಮೂತಿಯಿಂದ ಬಾಲಕ್ಕೆ 31 ಸೆಂ.ಮೀ., ಎತ್ತರ 22 ಸೆಂ.ಮೀ., ತೂಕ ಸುಮಾರು 2 ಕೆ.ಜಿ. ಮೂಲದ ಎಷ್ಟೋ ನಾಯಿಗಳು ಇದೇ ಅಳತೆಯವು. ಉಬ್ಬಿದ ಹೊಟ್ಟೆ, ಗಿಡ್ಡ ಕಾಲು, ನಿಗುರಿದ ಕಿವಿ, ಬಾಲದ ಜಾಗದಲ್ಲಿ ಮೇಲಕ್ಕೆ ತೆರೆದ ಕೊಳವೆಬಾಯಿ. ಈ ಕೊಳವೆಬಾಯಿ ಶೋಕಿಗೆ ಇಟ್ಟದ್ದಲ್ಲ. ಮೂಲದಲ್ಲಿ ನಾಯಿ ಪಾತ್ರೆಯೂ ಹೌದು. ಜೊತೆಗೆ, ಪೂರ್ತಿ ಮುಚ್ಚಿದ ಟೊಳ್ಳು ಗೊಂಬೆಯನ್ನು ಆವಿಗೆಗೆ ಹಾಕಿದರೆ ಗೋಡೆಯ ತೇವ ಆವಿಯಾಗಿ, ಒಳಗಾಳಿ ಹಿಗ್ಗಿ, ದಾರಿ ಸಿಗದೆ ಗೊಂಬೆ ಸಿಡಿಯುತ್ತದೆ. ಅಗ್ಗದ ಪ್ರತಿಕೃತಿ ಮಾಡುವವರು ಬಾಯಿಯನ್ನು ಮುಚ್ಚಿ, ಹೊಟ್ಟೆಯಡಿಗೆ ಸೂಜಿತೂತು ಹಾಕಿ ಕೆಲಸ ಮುಗಿಸುತ್ತಾರೆ. ಇಲ್ಲಿ ಹೆಬ್ಬೆರಳು ಹೋಗುವಷ್ಟು ಬಾಯಿ ಬಿಟ್ಟಿದ್ದಾರೆ. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ: ಮಣ್ಣಿನ ಹುರಿಗಳನ್ನು ಒಂದರ ಮೇಲೊಂದು ಸುತ್ತಿ ಬೆರಳಿನಿಂದ ಒತ್ತಿ ಕೂಡಿಸಿದ ಗುರುತು ಕಾಣುತ್ತದೆ. ಪ್ಲಾಸ್ಟರ್ ಅಚ್ಚಿಗೆ ಮಣ್ಣಿನ ನೀರು ಎರೆದು ಮಾಡಿದ್ದಾದರೆ ಒಳಗೋಡೆ ನುಣ್ಣಗಿದ್ದು, ಬೆನ್ನುದ್ದಕ್ಕೂ ಅಚ್ಚಿನ ಕೂಡುಗೆರೆ ಎದ್ದಿರುತ್ತದೆ. ಸ್ಪೇನಿನವರು ಬರುವ ಮೊದಲು ಅಮೆರಿಕ ಖಂಡಗಳಲ್ಲಿ ಕುಂಬಾರನ ತಿಗರಿ ಇರಲಿಲ್ಲ. ಎಲ್ಲವೂ ಕೈಕೆಲಸ ಅಥವಾ ಅಚ್ಚು. ಆ ಮಟ್ಟಿಗೆ ಈ ನಾಯಿ ಮಾಡಿದವರು ಆಕಾರದ ಜೊತೆ ವಿಧಾನವನ್ನೂ ನಕಲು ಮಾಡಿದ್ದಾರೆ.

ಎಡವಟ್ಟಾಗುವುದು ಕಾಲಿನ ಬುಡದಲ್ಲಿ. ಹೊಟ್ಟೆಯ ಗೋಡೆ 5–6 ಮಿ.ಮೀ., ಕಾಲು ಕೂಡುವಲ್ಲಿ ಅದರ ಎರಡರಷ್ಟು. ತೆಳು ಭಾಗ ಬೇಗ ಒಣಗಿ ಕುಗ್ಗುತ್ತದೆ, ದಪ್ಪ ಭಾಗ ಇನ್ನೂ ಹಸಿಯಾಗಿರುತ್ತದೆ, ನಡುವೆ ಕೂದಲೆಳೆಯ ಬಿರುಕು ಬೀಳುತ್ತದೆ. ಮಳಿಗೆಯ ಕಪಾಟಿನಲ್ಲಿರುವ ನಾಯಿಗಳಲ್ಲಿ ಕೆಲವಕ್ಕೆ ಹಿಂಗಾಲಿನ ಸುತ್ತ ಇಂಥ ಬಿರುಕಿದ್ದು, ಕಾವಿ ತುಂಬಿ ಮುಚ್ಚಿದ್ದಾರೆ. ಮಡಕೆ ಕೊಳ್ಳುವಾಗ ಮಾಡುವಂತೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಸದ್ದು ಮಂಕಾಗಿದ್ದರೆ ಬೇರೆ ನಾಯಿ ಕೇಳಿ.

ಇನ್ನು ಹೊಳಪು. ಕಾವಿಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಸಿಗುವ ತಿಳಿಯನ್ನು ಅರೆ ಒಣಗಿದ ಗೊಂಬೆಗೆ ಬಳಿದು, ನುಣುಪು ಹೊಳೆಗಲ್ಲಿನಿಂದ ಉಜ್ಜಿ ಒಪ್ಪ ಕೊಡುವುದು ಹಳೆಯ ಕ್ರಮ. ಕೊಲಿಮಾದ ಕೆಂಪು ಹೊಳಪೂ ಹೀಗೇ ಬಂದದ್ದು. ಗಾಜುಲೇಪ ಆ ಸೀಮೆಗೆ ಬಂದದ್ದು ಸ್ಪೇನಿನವರ ಕಾಲಕ್ಕೆ. ಉಜ್ಜಿದ ಒಪ್ಪ 700–800 ಡಿಗ್ರಿ ಸೆಲ್ಸಿಯಸ್ ಬೆಂಕಿಗೆ ನಿಲ್ಲುತ್ತದೆ, 900 ದಾಟಿದ ಮೇಲೆ ಮಂಕಾಗತೊಡಗುತ್ತದೆ. ಆದ್ದರಿಂದ ಒಪ್ಪ ಉಳಿಸಿಕೊಳ್ಳಬೇಕಾದರೆ ಗಟ್ಟಿತನವನ್ನು ಒಂದಿಷ್ಟು ಬಿಟ್ಟುಕೊಡಲೇಬೇಕು. ಗೊಂಬೆಯ ಮೈಮೇಲೆ ಅಲ್ಲಲ್ಲಿ ಕಪ್ಪು ಮೋಡದಂಥ ಕಲೆ ಇದ್ದರೆ ಹೆದರಬೇಡಿ, ಆವಿಗೆಯಲ್ಲಿ ಸೌದೆ ತಾಗಿದ ಜಾಗ ಅದು. ಹೆದರಬೇಕಾದ್ದು ವಾರ್ನಿಷಿಗೆ. ಒಂದೆರಡು ನಾಯಿಗಳಲ್ಲಿ ಮಂಕಾದ ಜಾಗಕ್ಕೆ ವಾರ್ನಿಷ್ ಹಚ್ಚಿ ಸರಿಮಾಡಿದ್ದಾರೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒಪ್ಪದ ಹೊಳಪು ಉಜ್ಜಿದ ಗೆರೆಗಳ ಜೊತೆ ಸಾಗುತ್ತದೆ, ವಾರ್ನಿಷ್ ಗೆರೆಗಳ ಮೇಲೆ ಕೂತಿರುತ್ತದೆ.

ನಾಯಿಯ ಬಗ್ಗೆ ನಿಜವಾದ ದೂರು ಒಂದೇ: ಬೆನ್ನ ಮೇಲೆ ಬ್ರಷ್ಷಿನಿಂದ ಚುಕ್ಕೆ ಇಟ್ಟ ಕಪ್ಪು ಬಣ್ಣ. ಮೂಲದ ಗೊಂಬೆಗಳ ಮೇಲೆ ಕಪ್ಪು ಚುಕ್ಕೆಗಳಿರುವುದು ಹೌದು. ಗೋರಿಯ ತೇವದಲ್ಲಿ ಶತಮಾನಗಳ ಕಾಲ ಕೂತು ಮ್ಯಾಂಗನೀಸ್ ಡೈ ಆಕ್ಸೈಡ್ ಕಟ್ಟಿದ ಕಲೆ ಅದು, ಬಳಿದದ್ದಲ್ಲ. ಕುಂಸಿಯಲ್ಲಿ ಮ್ಯಾಂಗನೀಸ್ ಗಣಿ ನಡೆದ ಜಿಲ್ಲೆಯಲ್ಲಿ ಇದನ್ನು ಅಕ್ರಿಲಿಕ್ ಬಣ್ಣದಲ್ಲಿ ಮಾಡಿರುವುದು ತಮಾಷೆ. ಖೋಟಾ ಮಾಲು ಮಾರುವವರು ಮಾಡುವುದೂ ಇದನ್ನೇ. ರಾಬರ್ಟ್ ಪಿಕರಿಂಗ್ ಎಂಬ ಮಾನವಶಾಸ್ತ್ರಜ್ಞರು ಈ ಮ್ಯಾಂಗನೀಸ್ ಕಲೆಗಳನ್ನೂ, ಹೆಣಕ್ಕೆ ಮುತ್ತುವ ನೊಣಗಳ ಕೋಶಗಳು ಗೊಂಬೆಯ ಮೈಗೆ ಅಂಟಿ ಉಳಿಸಿದ ಗುರುತನ್ನೂ ಪರೀಕ್ಷಿಸಿ ಅಸಲಿ-ನಕಲಿ ಬೇರ್ಪಡಿಸುವ ದಾರಿ ಹಾಕಿಕೊಟ್ಟರು. ಪ್ರತಿಕೃತಿ ಎಂದು ಹೇಳಿ ಮಾರುವ ಸಾಮಾನಿಗೆ ಸುಳ್ಳು ವಯಸ್ಸು ಯಾಕೆ ಬೇಕು? ಚುಕ್ಕೆ ಇಲ್ಲದ ನಾಯಿ ಕೇಳಿದರೆ ಹಿಂದಿನಿಂದ ತಂದುಕೊಡುತ್ತಾರೆ, ಬೆಲೆ ಅಷ್ಟೇ.

ಡಬ್ಬಿಯೊಳಗೆ ಒಂದು ಕನ್ನಡ ಚೀಟಿ ಇಟ್ಟಿದ್ದಾರೆ. ಒಳ್ಳೆಯ ಯೋಚನೆ, ಬರೆದದ್ದು ಮಾತ್ರ ಅವಸರದ್ದು. 'ಸತ್ತವರ ಆತ್ಮವನ್ನು ಹೊಳೆ ದಾಟಿಸುವ ನಾಯಿ, ನಮ್ಮ ಧರ್ಮರಾಯನ ನಾಯಿಯಂತೆ' ಎಂದಿದೆ. ಹೊಳೆ ದಾಟಿಸುವ ಕಥೆ ಬಂದದ್ದು 16ನೇ ಶತಮಾನದ ಮಧ್ಯ ಮೆಕ್ಸಿಕೋದ ನಾವಾ ಜನರಿಂದ, ಅಂದರೆ ಅಜ್ಟೆಕ್ ಸಾಮ್ರಾಜ್ಯ ಬಿದ್ದ ಮೇಲೆ ಬರ್ನಾರ್ದಿನೊ ದೆ ಸಾಆಗುನ್ ಎಂಬ ಪಾದ್ರಿ ಅಲ್ಲಿನ ಹಿರಿಯರನ್ನು ಕೇಳಿ ಬರೆಸಿದ ದಾಖಲೆಯಿಂದ. ಅದರಂತೆ ಸತ್ತವರು ಪಾತಾಳವಾದ ಮಿಕ್ತ್ಲಾನ್ ಸೇರಲು ನಾಲ್ಕು ವರ್ಷ ನಡೆಯಬೇಕು, ಕೊನೆಗೆ ಒಂದು ದೊಡ್ಡ ಹೊಳೆ ಅಡ್ಡ ಬರುತ್ತದೆ, ದಾಟಿಸುವುದು ನಾಯಿ. ಬಿಳಿ ನಾಯಿ 'ಈಗಷ್ಟೇ ತೊಳೆದುಕೊಂಡೆ' ಎನ್ನುತ್ತದೆ, ಕರಿ ನಾಯಿ 'ಮೈಗೆ ಮಸಿಯಾಗಿದೆ' ಎನ್ನುತ್ತದೆ, ಹಳದಿ ನಾಯಿ ಮಾತ್ರ ಬೆನ್ನು ಕೊಡುತ್ತದೆ. ಸೊಗಸಾದ ಕಥೆ. ಆದರೆ ಕೊಲಿಮಾದ ಗೋರಿಗಳಿಗೂ ಈ ದಾಖಲೆಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷ, ಜನ ಬೇರೆ, ಸೀಮೆ ಬೇರೆ. ಮೇಲಾಗಿ ಕೊಲಿಮಾದ ನಾಯಿಗಳು ಕೊಬ್ಬಿದ ನಾಯಿಗಳು. ಕೆಲವು ಬಾಯಲ್ಲಿ ಜೋಳದ ತೆನೆ ಕಚ್ಚಿವೆ, ಒಂದಂತೂ ಮನುಷ್ಯನ ಮುಖವಾಡ ಹಾಕಿಕೊಂಡಿದೆ. ಮೆಸೊಅಮೆರಿಕಾದಲ್ಲಿ, ಅಂದರೆ ಮೆಕ್ಸಿಕೋದಿಂದ ಮಧ್ಯ ಅಮೆರಿಕದವರೆಗಿನ ಹಳೆಯ ನಾಡುಗಳಲ್ಲಿ, ನಾಯಿಯನ್ನು ಮೇಯಿಸಿ ತಿನ್ನುವ ರೂಢಿ ಇತ್ತು. ಅದೇ ಗೋರಿಗಳಲ್ಲಿ ಬಾತು, ಏಡಿ, ಕುಂಬಳಕಾಯಿ ಆಕಾರದ ಪಾತ್ರೆಗಳೂ ಸಿಕ್ಕಿವೆ. ಸತ್ತವರಿಗೆ ಎಡೆ ಇಟ್ಟದ್ದು ಎಂದು ಓದುವುದಕ್ಕೂ ಅಷ್ಟೇ ಬಲವಿದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವವರಿಗೆ ಇದು ವಿಚಿತ್ರವೆನಿಸದು.

ಧರ್ಮರಾಯನ ನಾಯಿಯ ಹೋಲಿಕೆಯಂತೂ ಪೂರ್ತಿ ದಾರಿ ತಪ್ಪಿದ್ದು. ಅಲ್ಲಿ ನಾಯಿ ಯಮಧರ್ಮನೇ, ಬಂದದ್ದು ರಾಜನನ್ನು ಪರೀಕ್ಷಿಸಲು. ಮಣ್ಣಿನ ನಾಯಿಗೆ ಹತ್ತಿರದ ನೆಂಟ ಬೇಕಾದರೆ ಕೊಡಗಿನ ಅಯ್ಯಪ್ಪನ ದೇವರಕಾಡಿಗೆ ಹೋಗಬೇಕು, ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಅಲ್ಲಿ ಮರದಡಿಯಲ್ಲಿ ಸಾಲಾಗಿವೆ. ಆದರೆ ಅದು ಬೇಟೆಯ ದೇವರಿಗೆ ಸಂದದ್ದು, ಗೋರಿಗಲ್ಲ.

ನಯಾರಿತ್ ಜೋಡಿ ಇಷ್ಟ್ಲಾನ್ ದೆಲ್ ರಿಯೊ ಶೈಲಿಯದು. ಒಂದೊಂದೂ 34 ಸೆಂ.ಮೀ. ಎತ್ತರ. ಹೆಂಗಸಿನ ಕೈಯಲ್ಲಿ ಬಟ್ಟಲು, ಗಂಡಸಿನ ಕೈಯಲ್ಲಿ ಗಿಲಕಿ, ಇಬ್ಬರಿಗೂ ಕಿವಿಯಂಚಿಗೆ ಸಾಲು ಓಲೆ, ಮೂಗಿಗೆ ಬಳೆ. ದಪ್ಪ ಕಾಲು, ಕಡ್ಡಿಯಂಥ ಕೈ. ನೋಡಿದವರು ನಗುತ್ತಾರೆ. ಬಹಳ ಕಾಲ ವಿದ್ವಾಂಸರೂ ಇವನ್ನು ಹಳ್ಳಿಗಾಡಿನ ದಿನನಿತ್ಯದ ಚಿತ್ರ ಎಂದಷ್ಟೇ ಬರೆದು ಬದಿಗಿಟ್ಟಿದ್ದರು. 1960ರ ದಶಕದಲ್ಲಿ ಪೀಟರ್ ಫರ್ಸ್ಟ್ ಎಂಬವರು ಹಣೆಯಲ್ಲಿ ಕೊಂಬಿರುವ, ಆಯುಧ ಹಿಡಿದು ಎಡಕ್ಕೆ ತಿರುಗಿ ನಿಂತ ಗೊಂಬೆಗಳನ್ನು ತೋರಿಸಿ, ಇವರು ಸೈನಿಕರಲ್ಲ, ದುಷ್ಟಶಕ್ತಿಗಳ ಜೊತೆ ಹೋರಾಡುವ ಮಾಂತ್ರಿಕರು ಎಂದರು. ಮುಂದಿನವರು ಕೊಂಬನ್ನು ಒಡೆಯನ ಗುರುತು ಎಂದು ಓದಿದರು, ಜೋಡಿಗಳನ್ನು ಮನೆತನದ ಹಿರಿಯರು ಎಂದರು. ಮನೆತನದ ಗೋರಿಯಲ್ಲಿ ಇಟ್ಟ ಜೋಡಿಗೆ ಈ ಕೊನೆಯ ಓದು ಹೆಚ್ಚು ಹೊಂದುತ್ತದೆ.

ಇಷ್ಟೊಂದು ಜಗಳಕ್ಕೆ ಕಾರಣ ನಿಧಿಗಳ್ಳರು. ಮ್ಯೂಸಿಯಮ್ಮುಗಳಲ್ಲಿರುವ ಬಹುಪಾಲು ಗೊಂಬೆಗಳು ಕಳ್ಳತನದಲ್ಲಿ ಅಗೆದು ತೆಗೆದವು. ಯಾವ ಗೊಂಬೆ ಯಾರ ತಲೆಯ ಬಳಿ ಇತ್ತು, ಜೊತೆಗೆ ಏನಿತ್ತು ಎಂಬುದೆಲ್ಲ ಅಗೆದ ದಿನವೇ ಹೋಯಿತು. ನಿಧಿಯಾಸೆಗೆ ವೀರಗಲ್ಲಿನ ಬುಡ ಅಗೆದು ಉರುಳಿಸಿದ್ದನ್ನು ಕಂಡ ಸೊರಬ, ಶಿಕಾರಿಪುರದ ಕಡೆಯವರಿಗೆ ಇದರ ನಷ್ಟ ಗೊತ್ತು. ಕಳ್ಳರ ಕೈ ಬೀಳದ ಗೋರಿಯೊಂದು 1993ರಲ್ಲಿ ಹಲಿಸ್ಕೊದ ಉಯಿತ್ಸಿಲಾಪಾದಲ್ಲಿ ಲೊರೆನ್ಸಾ ಲೋಪೆಸ್ ಮೆಸ್ತಾಸ್ ಮತ್ತು ಹೋರ್ಹೆ ರಾಮೋಸ್ ಅವರ ಉತ್ಖನನದಲ್ಲಿ ಸಿಕ್ಕಿತು. 7.6 ಮೀಟರ್ ಆಳ, ಎರಡು ಕೋಣೆ, ಕೋಣೆಗೆ ಮೂವರಂತೆ ಆರು ಜನ. ಅವರಲ್ಲಿ ಹಲವರಿಗೆ ಕುತ್ತಿಗೆಯ ಮೂಳೆಗಳು ಹುಟ್ಟಿನಿಂದಲೇ ಬೆಸೆದುಕೊಂಡಿದ್ದವು. ವಂಶದಲ್ಲಿ ಬರುವ ದೋಷ ಅದು, ಹಾಗಾಗಿ ಒಂದೇ ಮನೆತನದವರು ಎಂದು ತಿಳಿಯಿತು. ಮುಖ್ಯನಾದ ಗಂಡಸಿನ ಮೈಮೇಲೆ ಜೇಡ್ ಮತ್ತು ಚಿಪ್ಪಿನ ಒಡವೆ, ಪಕ್ಕದಲ್ಲಿ ಶಂಖಗಳು. ಚೀಟಿಯಲ್ಲಿ ಈ ಗೋರಿಯ ಸುದ್ದಿಯೇ ಇಲ್ಲ. ಹಾಕಬೇಕಿದ್ದದ್ದು ಇದನ್ನೇ.

ಜೋಡಿಯ ಮೇಲಿನ ತಕರಾರು ಬಣ್ಣದ್ದು. ಮೈ ಕೆಂಪು ಕಾವಿಯದೇ, ಸುಡುವ ಮೊದಲೇ ಬಳಿದದ್ದು, ಸರಿ. ಅದರ ಮೇಲಿನ ಬಿಳಿ, ಹಳದಿ, ಕಪ್ಪು ಬಟ್ಟೆವಿನ್ಯಾಸ ಸುಟ್ಟ ಮೇಲೆ ಹಚ್ಚಿದ ಅಕ್ರಿಲಿಕ್. ಅಕ್ರಿಲಿಕ್ ಪದರ ಮಣ್ಣಿನ ಉಸಿರು ಕಟ್ಟಿಸುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಒಳಗಿನ ತೇವ ಹೊರಬರಲಾರದೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಸಾಗರದ ಸುತ್ತ ಹಸೆ ಚಿತ್ತಾರ ಬರೆಯುವ ಕೈಗಳು ಅಕ್ಕಿಹಿಟ್ಟು, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು ಇಟ್ಟುಕೊಂಡಿರುವಾಗ ಪೇಟೆಯ ಡಬ್ಬಿ ಬಣ್ಣಕ್ಕೆ ಹೋಗಿದ್ದು ಸೋಮಾರಿತನ. ಮಣ್ಣಿನ ಬಿಳಿಯನ್ನೂ ಹಳದಿಯನ್ನೂ ಸುಡುವ ಮೊದಲೇ ಬಳಿದಿದ್ದರೆ ಮುಗಿದಿತ್ತು. ಹಳದಿ ಕಾವಿ ಬೆಂಕಿಯಲ್ಲಿ ಕೆಂಪಾಗುತ್ತದೆ ಎಂಬ ಹೆದರಿಕೆ ಇದ್ದರೆ ಅದೊಂದನ್ನು ಸುಟ್ಟ ಮೇಲೆ ಹಚ್ಚಬಹುದಿತ್ತು.

ಹೈನಾ ಹೆಂಗಸು 16 ಸೆಂ.ಮೀ., ಬೆನ್ನಿಗೆ ಸೀಟಿ. ಹೈನಾ ಎಂಬುದು ಕಂಪೆಚೆ ಕರಾವಳಿಯ ಪುಟ್ಟ ದ್ವೀಪ, ಕ್ರಿ.ಶ. 600ರಿಂದ 900ರ ಆಸುಪಾಸಿನ ಮಾಯಾ ಸ್ಮಶಾನ. ಗೊಂಬೆಗಳು ಸತ್ತವರ ಎದೆಯ ಮೇಲೆ, ಕೈಯೊಳಗೆ ಸಿಕ್ಕಿವೆ. ಎಷ್ಟೋ ಗೊಂಬೆಗಳು ಸೀಟಿ ಅಥವಾ ಗಿಲಕಿ. ಮಳಿಗೆಯ ಸೀಟಿ ಊದಿದರೆ ನಿಜಕ್ಕೂ ಕೂಗುತ್ತದೆ, ಅಷ್ಟಕ್ಕೆ ಶಹಬ್ಬಾಸ್. ಮುಖ ಮಾತ್ರ ಅಚ್ಚಿನಿಂದ ಮಸುಕಾಗಿ ಬಂದಿದೆ. ಮೂಲದಲ್ಲಿ ಬೆರಳುಗುರಿನಷ್ಟು ಮುಖದ ಕಣ್ಣು-ತುಟಿಯೂ ಕೊರೆದಂತೆ ಸ್ಪಷ್ಟ. ಪ್ರತಿಕೃತಿಯಿಂದ ಅಚ್ಚು ತೆಗೆದು, ಅದರಿಂದ ಮತ್ತೊಂದು ಮಾಡುತ್ತ ಹೋದರೆ ಹೀಗಾಗುತ್ತದೆ. ಒಣಗಿ ಸುಟ್ಟಾಗ ಮಣ್ಣು ಪ್ರತಿಸಲ ಶೇ. 8ರಿಂದ 12ರಷ್ಟು ಕುಗ್ಗುತ್ತದೆ, ಗೆರೆಗಳೂ ಸವೆಯುತ್ತವೆ. ಬಿಳಿ ಬಟ್ಟೆಗೆ ಹಾಕುವ ರಾಬಿನ್ ನೀಲಿಯಂಥ ಕಡುನೀಲಿ ಹಚ್ಚಿದ್ದಾರೆ. ಮಾಯಾ ನೀಲಿ ಇನ್ನೂ ಹಸಿರು ಛಾಯೆಯ, ತಂಪಾದ ಬಣ್ಣ. ನೀಲಿಗಿಡದ ಬಣ್ಣವನ್ನು ಪಾಲಿಗೋರ್ಸ್ಕೈಟ್ ಎಂಬ ಜೇಡಿಯ ಜೊತೆ ಕಾಯಿಸಿ ಮಾಡುತ್ತಿದ್ದುದು, ಅದಕ್ಕೇ ಶತಮಾನ ಕಳೆದರೂ ಮಾಸದೆ ನಿಂತಿದೆ.

ಕಲಶದ ವಿಷಯ ಚುಟುಕಾಗಿ ಮುಗಿಸಬಹುದು. ಓಹಾಕಾದ ಹಳೆಯ ನಗರ ಮೊಂತೆ ಅಲ್ಬಾನ್ ಸುತ್ತಿನ ಝಪೊಟೆಕ್ ಗೋರಿಗಳಲ್ಲಿ ಬಾಗಿಲ ಮೇಲೆ, ಗೋಡೆಗೂಡಿನಲ್ಲಿ ಇಡುತ್ತಿದ್ದ ಕಲಶಗಳಿವು. ಚೀಟಿಯಲ್ಲಿ 'ಅಸ್ಥಿ ಕಲಶ' ಎಂದಿದೆ, ತಪ್ಪು. ಮೂಲದವುಗಳಲ್ಲಿ ಬೂದಿ ಇರುವುದಿಲ್ಲ. ಮುಂದೆ ಕೂತ ಮೂರ್ತಿ, ಹಿಂದೆ ಬರಿದಾದ ಕೊಳಗದಂಥ ಪಾತ್ರೆ. ಇಲ್ಲಿ ಮಾಡಿರುವುದು ಮಳೆದೇವರು ಕೊಸಿಹೊ, ನಾಲಗೆ ಸೀಳಿದ್ದಾರೆ, ಕಿರೀಟ ಒಪ್ಪವಾಗಿದೆ. ಆದರೆ ಮೂಲದ ಬೂದುಬಣ್ಣ ಬರುವುದು ಆವಿಗೆಯೊಳಗೆ ಗಾಳಿ ಕಡಿಮೆ ಮಾಡಿ ಹೊಗೆಯಲ್ಲಿ ಸುಡುವುದರಿಂದ. ಉರಿ ಇಳಿಯುವ ಹೊತ್ತಿಗೆ ಭತ್ತದ ಹೊಟ್ಟು ಸುರಿದು ಆವಿಗೆಯ ಬಾಯಿಗೆ ಮಣ್ಣು ಮೆತ್ತಿ ಕರಿಮಡಕೆ ತೆಗೆಯುವ ಕುಂಬಾರರಿಗೆ ಇದು ಬಾರದ ವಿದ್ಯೆಯೇ? ಇಲ್ಲಿ ಕೆಂಪಗೆ ಸುಟ್ಟು ಮೇಲೆ ಬೂದುಬಣ್ಣ ಹೊಡೆದಿದ್ದಾರೆ, ತಳದಲ್ಲಿ ಉಗುರಿನಿಂದ ಕೆರೆದರೆ ಕೆಂಪು ಕಾಣುತ್ತದೆ. 3,200 ಇದಕ್ಕಲ್ಲ.

ಐದಕ್ಕೂ ಸೇರಿದ ಒಂದು ಕೊರತೆ: ತಳದಲ್ಲಿ ಅಂಟಿಸಿದ್ದು ಬರೀ ಕಾಗದದ ಚೀಟಿ. ಹಸಿ ಮಣ್ಣಿನಲ್ಲೇ ವರ್ಷ, ಊರು, 'ಪ್ರತಿಕೃತಿ' ಎಂದು ಕೊರೆದು ಸುಡಬೇಕಿತ್ತು. ಹಳೆಯದರ ವೇಷ ಹಾಕಿದ ಹೊಸ ಗೊಂಬೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮೆಕ್ಸಿಕೋದ ಬ್ರಿಹಿದೊ ಲಾರಾ ಇದ್ದಾನೆ. 1974ರಲ್ಲಿ ಪುರಾತನ ವಸ್ತು ಕದ್ದನೆಂದು ಜೈಲಿಗೆ ಹಾಕಿದಾಗ, ಜೈಲಿಗೇ ಮಣ್ಣು ತರಿಸಿಕೊಂಡು ಅಂಥದೇ ಗೊಂಬೆ ಮಾಡಿ, 'ಅವೂ ನಾನೇ ಮಾಡಿದ್ದು' ಎಂದು ಸಾಬೀತು ಮಾಡಿ ಹೊರಬಂದ. ಆಮೇಲೆ ಹಲಾಪಾದ ಮ್ಯೂಸಿಯಂ ಅವನನ್ನೇ ರಿಪೇರಿ ಕೆಲಸಕ್ಕೆ ಇಟ್ಟುಕೊಂಡಿತು. ಝಪೊಟೆಕ್ ಕಲಶಗಳಲ್ಲಂತೂ ದೊಡ್ಡ ಮ್ಯೂಸಿಯಮ್ಮುಗಳೇ ಖೋಟಾ ಕೊಂಡು ಮೋಸಹೋಗಿವೆ. ಕಾಗದದ ಚೀಟಿ ಒಂದು ಮಳೆಗಾಲಕ್ಕೆ ಕಳಚಿ ಬೀಳುತ್ತದೆ. ಮನೆಗೆ ತಂದವರು ತಳದಲ್ಲಿ ಉಕ್ಕಿನ ಮೊಳೆಯಿಂದ ವರ್ಷ ಗೀರಿಟ್ಟರೆ ಒಳ್ಳೆಯದು. ಹಾಗೆಯೇ ಯಾರಾದರೂ ಆನ್‌ಲೈನ್‌ನಲ್ಲಿ 'ಒರಿಜಿನಲ್' ಕೊಲಿಮಾ ನಾಯಿ ತೋರಿಸಿದರೆ ಆಸೆಪಡಬೇಡಿ. ಮೆಕ್ಸಿಕೋದ 1972ರ ಕಾನೂನಿನ ಪ್ರಕಾರ ಸ್ಪೇನಿನವರಿಗಿಂತ ಹಿಂದಿನ ಇಂಥ ವಸ್ತುಗಳು ದೇಶದ ಸ್ವತ್ತು, ಹೊರಗೆ ಮಾರುವಂತಿಲ್ಲ.

ತಂದ ಮೇಲಿನ ಆರೈಕೆ ಮಲೆನಾಡಿನಲ್ಲಿ ಸಣ್ಣ ಮಾತಲ್ಲ. ಕಡಿಮೆ ಉರಿಯಲ್ಲಿ ಸುಟ್ಟ ಮಣ್ಣು ನೀರು ಹೀರುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ನೆಲದ ಮೇಲೆ ಬೇಡ, ಮರದ ಹಲಗೆಯ ಮೇಲೆ ಇರಲಿ. ಗಾಜಿನ ಶೋಕೇಸಾದರೆ 50 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಬಿಳಿ ಪುಡಿ ಎದ್ದರೆ ಅದು ಮಣ್ಣಿನೊಳಗಿನ ಉಪ್ಪು, ಒಣ ಬ್ರಷ್ಷಿನಿಂದ ಉದುರಿಸಿ. ಒದ್ದೆ ಬಟ್ಟೆ ತಾಗಿಸಿದರೆ ಉಪ್ಪು ಕರಗಿ ಒಳಗಿಳಿದು ಮತ್ತೆ ಏಳುತ್ತದೆ, ಒಪ್ಪದ ಪದರವನ್ನೂ ಎತ್ತುತ್ತದೆ. ಬೂಷ್ಟು ಬಂದರೆ ಹತ್ತಿಗೆ ಸ್ಪಿರಿಟ್ ಅದ್ದಿ ಚುಕ್ಕೆಯೂ ವಾರ್ನಿಷೂ ಇಲ್ಲದ ನಾಯಿಯನ್ನು ಒರೆಸಬಹುದು, ಜೋಡಿಯನ್ನೂ ಕಲಶವನ್ನೂ ಒರೆಸಬಾರದು, ಅಕ್ರಿಲಿಕ್ ಬಣ್ಣ ಹತ್ತಿಗೇ ಬರುತ್ತದೆ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವ ಚಟ ಬೇಡ, ಧೂಳು ಹಿಡಿದು ಆರು ತಿಂಗಳಿಗೆ ಕರ್ರಗಾಗುತ್ತದೆ. ಕಿವಿ ಮುರಿದರೆ ಮರಗೆಲಸದ ಬಿಳಿ ಗೋಂದು ಹಾಕಬೇಡಿ, ತೇವಕ್ಕೆ ಮೆತ್ತಗಾಗಿ ಕಿವಿ ಜೋತುಬೀಳುತ್ತದೆ. ಅಸಿಟೋನಿನಲ್ಲಿ ಕರಗುವ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಸಿಕ್ಕರೆ ಅದು, ಮ್ಯೂಸಿಯಂನವರು ಬಳಸುವುದೂ ಅದನ್ನೇ, ತಪ್ಪಾಗಿ ಕೂತರೆ ಬಿಚ್ಚಿ ಮತ್ತೆ ಅಂಟಿಸಬಹುದು. ನಾಯಿಯ ಕೊಳವೆಬಾಯಿಗೆ ಸೊಳ್ಳೆಪರದೆಯ ತುಂಡು ತುರುಕಿಡಿ, ಇಲ್ಲವಾದರೆ ಬೇಸಗೆಯಲ್ಲಿ ಕುಂಬಾರಹುಳ ಒಳಗೆ ಮನೆ ಕಟ್ಟುತ್ತದೆ.

ನಾಯಿಯೂ ಜೋಡಿಯೂ ಸೇರಿ 4,450 ಆಗುತ್ತದೆ, ಕೇಳಿದರೆ ನೂರಿನ್ನೂರು ಬಿಡುತ್ತಾರೆ. ಪ್ಯಾಕಿಂಗಿಗೆ ಒಣಹುಲ್ಲು ಹಾಕುತ್ತಾರೆ, ಕಿವಿ ಮತ್ತು ಬಾಲದ ಸುತ್ತ ಹಳೆ ಬಟ್ಟೆ ಸುತ್ತಿಸಿಕೊಳ್ಳಿ, ಬಸ್ಸಿನ ಡಿಕ್ಕಿಗೆ ಹಾಕದೆ ಕಾಲಬಳಿ ಇಟ್ಟುಕೊಳ್ಳಿ. ಒಡೆದು ಬಂದರೆ ಮೂರು ದಿನದೊಳಗೆ ಬಿಲ್ ಸಮೇತ ಒಯ್ದರೆ ಬದಲಿ ಕೊಡುತ್ತಾರೆ, ದುಡ್ಡು ವಾಪಸಿಲ್ಲ.